ಗಂಡಸರ ಮೂತ್ರದ ತೊಂದರೆ: ಹಾಸನದಲ್ಲೇ ಸಂಶೋಧನೆ ಶುರುವಾಗಲಿ

ಹಾಸನ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ಗಂಡಸರು ಬಾಯಿಬಿಟ್ಟು ಹೇಳಿಕೊಳ್ಳದ ಕಾಯಿಲೆಯೊಂದರ ಬಗ್ಗೆ ಬರೆಯುತ್ತಿದ್ದೇನೆ. ವಯಸ್ಸಾದಂತೆ, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಮೂತ್ರದ ದಾರಿಯನ್ನು ಒತ್ತುತ್ತದೆ. ರಾತ್ರಿ ನಾಲ್ಕೈದು ಸಲ ಏಳಬೇಕು, ತಿಣುಕಬೇಕು. ಕೇಳಿದರೆ ‘ಶುಗರ್ ಇರಬೇಕು’ ಅಂತಾರೆ. ಮೂತ್ರ ಪೂರ್ತಿ ಕಟ್ಟಿಕೊಂಡ ಮೇಲೇ ಆಸ್ಪತ್ರೆ.

ಅರಕಲಗೂಡು ಕಡೆಯ ನಮ್ಮ ದೊಡ್ಡಪ್ಪನಿಗೂ ಹಾಗೇ ಆಯಿತು. ಪೈಪು ಹಾಕಿದರು. ಆಪರೇಷನ್ ಆಗುವವರೆಗೆ ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಟ. ಮೂತ್ರದ ಚೀಲವನ್ನು ಬಟ್ಟೆ ಅಂಗಡಿಯ ಕೈಚೀಲದೊಳಗಿಟ್ಟು, ಮೇಲೆ ಟವೆಲ್ ಮುಚ್ಚಿಕೊಂಡು ಕಿಟಕಿ ಪಕ್ಕ ಕೂರುತ್ತಿದ್ದರು. ಕುಣಿಗಲ್ ಬರುವಷ್ಟರಲ್ಲಿ ಚೀಲ ತುಂಬಿಬಿಟ್ಟರೆ ಅನ್ನೋ ಭಯಕ್ಕೆ ನೀರೇ ಕುಡಿಯುತ್ತಿರಲಿಲ್ಲ. ಹಾಗೆ ಮಾಡಬಾರದು ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ.

ಈ ಪಾಡು ತಪ್ಪಿಸಬಹುದಾ? ಅಮೆರಿಕದಲ್ಲಿ ಎರಡು ಮಾತ್ರೆಗಳನ್ನು ಪರೀಕ್ಷಿಸಲು ಈ ತೊಂದರೆಯಿದ್ದ 3,047 ಗಂಡಸರನ್ನು ಸರಾಸರಿ ನಾಲ್ಕೂವರೆ ವರ್ಷ ಗಮನಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಡಾಕ್ಸಜೋಸಿನ್ ಮೂತ್ರದ ದಾರಿ ಸಡಿಲಿಸುವ ಮಾತ್ರೆ. ಫಿನಾಸ್ಟರೈಡ್ ಗ್ರಂಥಿಯನ್ನೇ ನಿಧಾನವಾಗಿ ಕುಗ್ಗಿಸುತ್ತದೆ. ಎರಡನ್ನೂ ತೆಗೆದುಕೊಂಡವರಲ್ಲಿ ಕಾಯಿಲೆ ಮುಂದುವರಿಯುವ ಅಪಾಯ, ಔಷಧಿಯಿಲ್ಲದ ಮಾತ್ರೆ ನುಂಗಿದವರಿಗಿಂತ ಶೇ. 66ರಷ್ಟು ಕಡಿಮೆಯಿತ್ತು. ಡಾಕ್ಸಜೋಸಿನ್ ಒಂದನ್ನೇ ನುಂಗಿದವರಿಗೆ ಮೂತ್ರ ಸರಾಗವಾಯಿತು, ಆದರೆ ಮುಂದೆ ಕಟ್ಟಿಕೊಳ್ಳುವ ಅಪಾಯ ಕಡಿಮೆಯಾಗಲಿಲ್ಲ. ಆರು ತಿಂಗಳಿಗೇ ಲೆಕ್ಕ ಮುಗಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ವರ್ಷಗಟ್ಟಲೆ ಒಬ್ಬರ ಬೆನ್ನು ಹಿಡಿಯುವುದು ದೊಡ್ಡ ಊರಲ್ಲಿ ಕಷ್ಟ. ಬಾಡಿಗೆ ಮನೆ ಬದಲಾಗುತ್ತದೆ, ಫೋನ್ ನಂಬರ್ ಬದಲಾಗುತ್ತದೆ. ನಮ್ಮಲ್ಲಿ ಅರವತ್ತು ದಾಟಿದ ರೈತ ಜಮೀನು ಬಿಟ್ಟು ಎಲ್ಲಿಗೆ ಹೋಗ್ತಾನೆ? ಆಶಾ ಕಾರ್ಯಕರ್ತೆಗೆ ಅವನ ಮನೆ ಗೊತ್ತು. (ಪ್ರಶ್ನೆ ಕೇಳೋಕೆ ಮಾತ್ರ ಗಂಡಸರನ್ನೇ ಕಳಿಸಿ. ಆಶಾ ಮುಂದೆ ಯಾರೂ ಬಾಯಿ ಬಿಡಲ್ಲ.) 2006ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು ಹಾಸನದಲ್ಲೇ ಇದೆ.

ನಾವೇ ಕೇಳಬೇಕಾದ ಪ್ರಶ್ನೆಗಳೂ ಇವೆ. ಡಾಕ್ಸಜೋಸಿನ್ ಥರದ ಮಾತ್ರೆ ತೆಗೆದುಕೊಂಡವರಿಗೆ ಎದ್ದು ನಿಂತಾಗ ಬಿಪಿ ಇಳಿದು ತಲೆ ಸುತ್ತಬಹುದು. ಮೊದಲೇ ಬಿಪಿ ಮಾತ್ರೆ ನುಂಗುವ ಅಜ್ಜ, ಸಕಲೇಶಪುರದ ಮಳೆಯಲ್ಲಿ ನಡುರಾತ್ರಿ ಹಿತ್ತಲಿಗೆ ಹೋಗಬೇಕು. ಅಂಥವರು ಎಷ್ಟು ಜನ ಬೀಳುತ್ತಾರೆ? ಯಾವ ಮಾತ್ರೆ, ಎಷ್ಟು ಹೊತ್ತಿಗೆ ಕೊಟ್ಟರೆ ವಾಸಿ? ಕೋಣೆಗೆ ಹೊಂದಿಕೊಂಡೇ ಶೌಚಾಲಯ ಇರುವವರನ್ನು ನೋಡಿ ಇದಕ್ಕೆ ಉತ್ತರ ಹೇಳೋಕಾಗಲ್ಲ, ಅಲ್ವಾ?

‘ನಮ್ಮ ಮೇಲೆ ಪ್ರಯೋಗ ಮಾಡ್ತಾರೆ’ ಅನ್ನೋ ಅಂಜಿಕೆ ಇದೆ. ಅದು ಸುಮ್ನೆ ಹುಟ್ಟಿದ್ದಲ್ಲ. ಆದರೆ ಈಗ ಔಷಧ ಪ್ರಯೋಗಕ್ಕೆ 2019ರ ನಿಯಮಗಳಿವೆ. ನೈತಿಕ ಸಮಿತಿಯ ಒಪ್ಪಿಗೆ ಬೇಕು, ರೋಗಿಯ ಸಹಿ ಬೇಕು, ಪ್ರಯೋಗದಿಂದ ಹಾನಿಯಾದರೆ ಪರಿಹಾರ ಕೊಡಬೇಕು. ಊರೂರಲ್ಲಿ ಇದನ್ನು ಕನ್ನಡದಲ್ಲಿ ಓದಿ ಹೇಳಿಸಿ.

ಜಿಲ್ಲೆಯ ಪ್ರಗತಿ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಈ ವಿಷಯ ಎತ್ತಿ. ಕಾಲೇಜಿನವರಿಂದ ಒಂದು ಯೋಜನೆ ಕೇಳಿ. ಮೂತ್ರದ ವೇಗ ಅಳೆಯುವ ಯಂತ್ರಕ್ಕೂ ರೋಗಿಗಳ ಲೆಕ್ಕ ಇಡುವವರ ಸಂಬಳಕ್ಕೂ ಕನಿಷ್ಠ ಐದು ವರ್ಷ ದುಡ್ಡು ಕೊಡಿಸಿ. ಒಂದೇ ವರ್ಷಕ್ಕೆ ಕೊಟ್ಟು ನಿಲ್ಲಿಸುವುದಾದರೆ ಬೇಡ.

ಇಂತಿ,
ಅರಕಲಗೂಡು ತಾಲ್ಲೂಕಿನ ಒಬ್ಬ ಮತದಾರ