ಮಾದೇಶ, ಹೊಟ್ಟೆಗೇನು ಮಾಡ್ತೀಯ ಅಂತ ಕೇಳಿದ್ಯಲ್ಲ

ಲೋ ಮಾದೇಶ,

ನಾನೂ ಗೀತಾಳೂ ಮನೆ ಬಿಟ್ಟು, ಗಾಡಿಯಲ್ಲೇ ಬದುಕುತ್ತಾ ಅಮೆರಿಕ ಸುತ್ತುತ್ತಿದ್ದೇವಲ್ಲ, ಅದರ ಬಗ್ಗೆ ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. "ಸುತ್ತೋದೆಲ್ಲಾ ಸರಿ ಕಣೋ, ಹೊಟ್ಟೆಗೇನು ಮಾಡ್ತೀಯ?" ಅಂದಿದ್ದೀಯ. ನಾನು ಫೋಟೋ ಹಾಕಿದಾಗಲೆಲ್ಲ ಬೇರೆಯವರೂ ಇದನ್ನೇ ಕೇಳುತ್ತಾರೆ. ಅದರಲ್ಲೂ ಇಲ್ಲಿ ಕೆಲಸ ಕಳೆದುಕೊಂಡ ನಮ್ಮ ಹುಡುಗರು. ಅದಕ್ಕೇ ನಿನಗೆ ಬರೆಯುವುದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ. ಕೆರೆ ಏರಿ ವಿಷಯ ಬರೆಯಲ್ಲ. ಗಂಗಣ್ಣನ ಲೂನಾ ವಿಷಯ ಮೊದಲೇ ಬರೆಯಲ್ಲ.

ಈಗ ಇರುವುದು ಅರಿಜೋನಾದ ಕ್ವಾರ್ಟ್ಸೈಟ್ ಅನ್ನುವ ಊರಿನ ಪಕ್ಕ. ಊರಿನ ಜನ ಸುಮಾರು 2,400. ಚಳಿಗಾಲ ಬಂತೆಂದರೆ ಸುತ್ತಲಿನ ಮರಳುಗಾಡಿನ ತುಂಬಾ ಟ್ರೇಲರ್, ವ್ಯಾನು, ಹಳೇ ಸ್ಕೂಲ್ ಬಸ್ಸು. ಇದು ಸರ್ಕಾರಿ ಜಮೀನು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಲು ನಾವು ಕಟ್ಟಿದ್ದು 180 ಡಾಲರ್. ಕುಡಿಯುವ ನೀರು, ಕಸ ಹಾಕುವ ಜಾಗ, ಕಕ್ಕಸಿನ ಟ್ಯಾಂಕ್ ಖಾಲಿ ಮಾಡುವ ಜಾಗ, ಎಲ್ಲ ಅದರಲ್ಲೇ ಬಂತು. ಕರೆಂಟು ಮಾತ್ರ ನಮ್ಮದೇ, ಮೇಲಿನ ಸೋಲಾರ್ ಪ್ಲೇಟಿನದು. ದುಡ್ಡೇ ಕೊಡದೆ ಇರುವ ಸರ್ಕಾರಿ ಜಮೀನೂ ಬೇಕಾದಷ್ಟಿದೆ, ಆದರೆ ಅಲ್ಲಿ ಸಾಮಾನ್ಯವಾಗಿ 14 ದಿನ ಮಾತ್ರ. ಆಮೇಲೆ ಗಾಡಿ ಎತ್ತಬೇಕು. ನಿನಗೆ ಫ್ಯಾಕ್ಟರಿಯಿಂದ ಕಬ್ಬಿನ ದುಡ್ಡು ಬರಬೇಕಾದದ್ದೂ 14 ದಿನದೊಳಗೆ ಅಲ್ವಾ? 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಹಾಗಂತ ಬರೆದೇ ಇದೆ. ನನ್ನ 14 ದಿನವನ್ನು ಇಲ್ಲಿ ಜೀಪಿನಲ್ಲಿ ಬಂದು ಎಣಿಸುತ್ತಾರೆ. ನಿನ್ನ 14 ದಿನವನ್ನೂ ಯಾರಾದರೂ ಹೀಗೆ ಎಣಿಸಬೇಕಿತ್ತು ಕಣೋ.

ಸರಿ, ಹೊಟ್ಟೆ ವಿಷಯಕ್ಕೆ ಬರ್ತೀನಿ.

ಮೊದಲನೆಯದು ಲ್ಯಾಪ್‌ಟಾಪ್ ಕೆಲಸ. ಹಳೇ ಕಂಪನಿ ಮುಗಿದ ಮೇಲೆ ಗುತ್ತಿಗೆಯಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತೇನೆ, ಗೀತಾ ಎರಡು ಅಂಗಡಿಗಳ ಲೆಕ್ಕ ಬರೆಯುತ್ತಾಳೆ. ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ತಟ್ಟೆ ಆಕಾಶಕ್ಕೆ ಮುಖ ಮಾಡಿಟ್ಟರೆ ಎಂಥ ಮೂಲೆಯಲ್ಲೂ ಮೀಟಿಂಗ್ ನಡೆಯುತ್ತದೆ, ಮರ ಅಡ್ಡ ಇರಬಾರದು ಅಷ್ಟೇ. ಆದರೆ ಈ ಕೆಲಸ ಒಂದು ತಿಂಗಳು ಕೈತುಂಬಾ ಇರುತ್ತದೆ, ಇನ್ನೊಂದು ತಿಂಗಳು ಇರುವುದೇ ಇಲ್ಲ.

ಅದಕ್ಕೇ ಎರಡನೆಯದು, ಸೀಸನ್ ಕೆಲಸ. ಬೇಸಿಗೆಯಲ್ಲಿ ಕ್ಯಾಂಪ್ ಹೋಸ್ಟ್. ಅಂದರೆ ಸರ್ಕಾರಿ ಕ್ಯಾಂಪಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವುದು, ಒಲೆಗುಂಡಿಯ ಬೂದಿ ಎತ್ತುವುದು, ಶೌಚಾಲಯ ತೊಳೆಯುವುದು. ಬದಲಿಗೆ ಕರೆಂಟು ನೀರಿನ ಜೊತೆ ಗಾಡಿ ನಿಲ್ಲಿಸಲು ಜಾಗ ಸಿಗುತ್ತದೆ. ಕೆಲವು ಕಡೆ ಕೂಲಿಯೂ ಕೊಡುತ್ತಾರೆ, ಅದು ಬಹಳ ಸಲ ಕನಿಷ್ಠ ಕೂಲಿ. ಇಡೀ ದೇಶಕ್ಕೆ ಅನ್ವಯಿಸುವ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಒಂದು ಪೈಸೆ ಏರಿಲ್ಲ. ಹಲವು ರಾಜ್ಯಗಳು ತಾವೇ ಜಾಸ್ತಿ ಮಾಡಿಕೊಂಡಿವೆ, ಹಾಗಾಗಿ ಎಲ್ಲಿ ನಿಲ್ಲುತ್ತೀಯ ಅನ್ನುವುದರ ಮೇಲೆ ನಿನ್ನ ಕೂಲಿ. ಟೆಕ್ಸಾಸ್‌ನ ಎಣ್ಣೆ ಬಾವಿಗಳ ಗೇಟಿನಲ್ಲಿ ಹಗಲೂ ರಾತ್ರಿ ಲಾರಿ ನಂಬರ್ ಬರೆಯುವವರಿದ್ದಾರೆ. ಡಿಸೆಂಬರಿನಲ್ಲಿ ಕ್ರಿಸ್ಮಸ್ ಮರ ಮಾರುವವರಿದ್ದಾರೆ.

ಹುಡುಗರಿಗೆ ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ. ಹೊರದೇಶದವರು ಇಲ್ಲಿ ಕೆಲಸ ಮಾಡಲು ಪಡೆಯುವ ಎಚ್-1ಬಿ ವೀಸಾದಲ್ಲಿ ಇದ್ಯಾವುದೂ ಆಗುವುದಿಲ್ಲ. ಆ ವೀಸಾ ಒಂದು ಕಂಪನಿಗೆ ಮಾತ್ರವಲ್ಲ, ಒಂದು ಜಾಗಕ್ಕೂ ಕಟ್ಟಿದ್ದು. ಕೆಲಸದ ಜಾಗ ಬೇರೆ ಊರಿನ ವ್ಯಾಪ್ತಿಗೆ ಹೋದರೆ ಕಂಪನಿ ಅರ್ಜಿ ತಿದ್ದಿ ಮತ್ತೆ ಹಾಕಬೇಕು. ಕೆಲಸ ಹೋದರೆ ಬೇರೆ ದಾರಿ ನೋಡಿಕೊಳ್ಳಲು ಹೆಚ್ಚೆಂದರೆ 60 ದಿನ. ನಮಗೆ ಸಿಟಿಜನ್‌ಶಿಪ್ ಬಂದಿದ್ದರಿಂದ ಇದೆಲ್ಲ ಸಾಧ್ಯವಾಯಿತು. ಇನ್ನು ಆರೋಗ್ಯ ವಿಮೆ. 65 ಆದವರಿಗೆ ಸರ್ಕಾರದ ಮೆಡಿಕೇರ್ ಇದೆ, ಅದರ ಮೂಲ ಯೋಜನೆ ದೇಶದ ಯಾವ ಮೂಲೆಯಲ್ಲೂ ನಡೆಯುತ್ತದೆ. ನಮ್ಮ ವಯಸ್ಸಿನವರು ಕೊಳ್ಳುವ ವಿಮೆ ಸಾಮಾನ್ಯವಾಗಿ ವಿಳಾಸ ಇರುವ ಕಡೆಯ ಆಸ್ಪತ್ರೆಗಳಿಗೆ ಮಾತ್ರ. ಚಕ್ರದ ಮೇಲೆ ಬದುಕುವವನಿಗೆ ಪೆಟ್ರೋಲಿಗಿಂತ ದೊಡ್ಡ ಚಿಂತೆ ಇದು.

ಈಗ ನಿನಗೆ ಇಷ್ಟವಾಗುವ ವಿಷಯ. ಅಕ್ಟೋಬರಿನಲ್ಲಿ ನಾವಿಬ್ಬರೂ ಸಕ್ಕರೆ ಕೆಲಸ ಮಾಡಿದೆವು ಮಾದೇಶ! ಮಂಡ್ಯದಿಂದ ಇಷ್ಟು ದೂರ ಬಂದು ಮತ್ತೆ ಸಕ್ಕರೆ. ಮಿನ್ನೆಸೋಟ ಮತ್ತು ನಾರ್ತ್ ಡಕೋಟದ ನಡುವೆ ರೆಡ್ ರಿವರ್ ಅಂತ ಒಂದು ನದಿ. ಎರಡೂ ಕಡೆ ಕಣ್ಣು ಹಾಯಿಸಿದಷ್ಟೂ ಶುಗರ್ ಬೀಟ್. ನಮ್ಮ ಕೆಂಪು ಬೀಟ್‌ರೂಟ್ ಅಲ್ಲ, ಬಿಳಿ ಗೆಡ್ಡೆ, ದಪ್ಪ ಮೂಲಂಗಿಯ ಹಾಗೆ. ಈ ದೇಶದಲ್ಲಿ ಬೆಳೆದು ತೆಗೆಯುವ ಸಕ್ಕರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇದರಿಂದಲೇ ಬರುವುದು.

ಲಾರಿಗಳು ಸಾಲಾಗಿ ಬರುತ್ತವೆ. ಪೈಲರ್ ಅನ್ನುವ ದೊಡ್ಡ ಯಂತ್ರಕ್ಕೆ ಬೀಟ್ ಸುರಿಯುತ್ತವೆ. ಅದು ಉರುಳೆಗಳ ಮೇಲೆ ಗೆಡ್ಡೆ ಹೊರಳಿಸಿ ಮಣ್ಣು ಉದುರಿಸಿ, ಉದ್ದನೆಯ ತೋಳಿನಿಂದ ರಾಶಿ ಮೇಲೆ ಒಟ್ಟುತ್ತದೆ. ಉದುರಿದ ಮಣ್ಣನ್ನು ಅದೇ ಲಾರಿಗೆ ತುಂಬಿ ವಾಪಸ್ ಕಳಿಸಬೇಕು, ಅವರ ಹೊಲದ ಮಣ್ಣು ಅವರಿಗೇ. ಎಷ್ಟು ಚೆಂದದ ಪದ್ಧತಿ ನೋಡು. 12 ಗಂಟೆ ಪಾಳಿ, ಹಗಲು ಒಂದು ರಾತ್ರಿ ಒಂದು. ಬಿಸಿಲು ಜಾಸ್ತಿಯಾದರೆ ಕೆಲಸ ನಿಲ್ಲಿಸುತ್ತಾರೆ, ಬಿಸಿ ಗೆಡ್ಡೆ ರಾಶಿಯೊಳಗೆ ಕೊಳೆಯುತ್ತದೆ. ಕೊರೆಯುವ ಚಳಿಗೆ ಗೆಡ್ಡೆ ಹೆಪ್ಪುಗಟ್ಟಿದರೂ ನಿಲ್ಲಿಸುತ್ತಾರೆ. ಮಳೆ ಬಂದರಂತೂ ಹೊಲಕ್ಕೆ ಲಾರಿ ಇಳಿಯುವುದೇ ಇಲ್ಲ. ನಿಂತಷ್ಟು ಹೊತ್ತು ಕೂಲಿ ಇಲ್ಲ.

ನನ್ನ ಕೆಲಸ ಮಾದರಿ ತೆಗೆಯುವುದು. ಗುಂಡಿ ಒತ್ತಿ, ಬೀಳುವ ಗೆಡ್ಡೆಗಳನ್ನು ಚೀಲಕ್ಕೆ ಹಿಡಿದು ಚೀಟಿ ಹಾಕಬೇಕು. ಅದರಲ್ಲಿ ಎಷ್ಟು ಸಕ್ಕರೆ ಅಂಶ ಇದೆ ಅಂತ ಪರೀಕ್ಷೆ ಮಾಡಿ, ಆ ರೈತನಿಗೆ ಅದರ ಲೆಕ್ಕದಲ್ಲೇ ದುಡ್ಡು. ನಿನ್ನ ಕಬ್ಬು ಎಷ್ಟೇ ಸಿಹಿ ಇದ್ದರೂ ಇಡೀ ಫ್ಯಾಕ್ಟರಿಯ ಸರಾಸರಿ ಇಳುವರಿ ಮೇಲೆ ದರ, ಅಲ್ವಾ? ಇಲ್ಲಿ ಹಾಗಲ್ಲ. ಇನ್ನೊಂದು ಕೇಳು. ಆ ನದಿ ಕಣಿವೆಯ ದೊಡ್ಡ ಸಕ್ಕರೆ ಕಂಪನಿಯನ್ನು 1973ರಲ್ಲಿ ಬೀಟ್ ಬೆಳೆಗಾರರೇ ಸೇರಿ ಕೊಂಡುಕೊಂಡರು. ಇವತ್ತಿಗೂ ಅದು ಅವರದೇ ಸಹಕಾರ ಸಂಘ. ಈ ವಿಷಯ ಗೊತ್ತಾದ ರಾತ್ರಿ ನಿನಗೆ ಫೋನ್ ಮಾಡಿ ಕೂಗಾಡಬೇಕು ಅನ್ನಿಸಿತ್ತು.

ಆದರೆ ಬೀಟ್ ಒಟ್ಟುವ ಆ ಯಾರ್ಡಿನಲ್ಲಿ ನನಗೆ ಹೆಚ್ಚು ನೆನಪಾದದ್ದು ನೀನಲ್ಲ, ಬಳ್ಳಾರಿ ಕಡೆಯಿಂದ ನಿಮ್ಮ ಗದ್ದೆಗೆ ಕಬ್ಬು ಕಡಿಯಲು ಬರುವವರು. ಗದ್ದೆ ಬದಿಯಲ್ಲಿ ಟಾರ್ಪಾಲು ಕಟ್ಟಿಕೊಂಡು ಸಂಸಾರ ಮಾಡುತ್ತಾರಲ್ಲ, ಅವರು. ಸೀಸನ್ ಮುಗಿದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ ಅಂತ ನಾವಿಬ್ಬರೂ ಒಂದು ದಿನವಾದರೂ ಕೇಳಿದ್ದೇವಾ?

ನನ್ನ ಪಾಳಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸಿದ್ದರು. ಬೆರಳ ಗಂಟುಗಳು ಊದಿಕೊಂಡಿದ್ದವು, ಟೇಪ್ ಸುತ್ತಿಕೊಂಡೇ ಚೀಲ ಹಿಡಿಯುತ್ತಿದ್ದರು. 2008ರ ಆರ್ಥಿಕ ಕುಸಿತದ ಮೇಲೆ ಮನೆ ಬ್ಯಾಂಕಿನ ಪಾಲಾಯಿತಂತೆ. ಇಲ್ಲಿ ನಿವೃತ್ತರಿಗೆ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯೂರಿಟಿ ಸರಾಸರಿ ತಿಂಗಳಿಗೆ ಸುಮಾರು 2,000 ಡಾಲರ್. ಅವರಿಗೆ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ, ಯಾಕೆಂದರೆ ಬೇಗನೇ, 62ನೇ ವಯಸ್ಸಿಗೇ ತೆಗೆದುಕೊಳ್ಳಲು ಶುರು ಮಾಡಿದ್ದರು. ಬಾಡಿಗೆ ಕಟ್ಟಿದರೆ ಊಟಕ್ಕಿಲ್ಲ, ಅದಕ್ಕೇ ವ್ಯಾನು. ಒಂದು ರಾತ್ರಿ ಲಾರಿ ಬರುವುದು ತಡವಾದಾಗ ಕೇಳಿದೆ, ಡ್ರೈವ್ ಮಾಡಲು ಆಗದ ದಿನ ಬಂದರೆ ಏನು ಮಾಡುತ್ತೀರಿ ಅಂತ. ಅವರು ಸಿಟ್ಟಾಗಲಿಲ್ಲ. "ಅದನ್ನು ಯೋಚಿಸುವುದಿಲ್ಲ" ಅಂದರು, ಚೀಲದ ಬಾಯಿ ಕಟ್ಟಿದರು, ಮುಂದಿನ ಲಾರಿಗೆ ಕೈ ತೋರಿಸಿದರು.

ಆವತ್ತಿನಿಂದ ನನಗೆ ಸಮಾಧಾನವಿಲ್ಲ ಕಣೋ.

ನಮ್ಮ ಕಾಗದಪತ್ರಗಳ ವಿಳಾಸ ಸೌತ್ ಡಕೋಟದ ಒಂದು ಅಂಚೆ ಪೆಟ್ಟಿಗೆ. ನಾವು ಮಾಡಿಸಿದಾಗ ಒಂದೇ ರಾತ್ರಿ ತಂಗಿದ ರಸೀದಿ ತೋರಿಸಿದರೆ ಡ್ರೈವಿಂಗ್ ಲೈಸೆನ್ಸ್ ಕೊಟ್ಟರು. ಆಗ ಭಾರೀ ಖುಷಿಯಾಗಿತ್ತು. ಮೊನ್ನೆ ಗೀತಾ ತೆರಿಗೆ ಲೆಕ್ಕ ನೋಡುವಾಗ ಒಂದು ನಿಯಮ ಓದಿ ಹೇಳಿದಳು. ನನ್ನ ಹಾಗೆ ಗುತ್ತಿಗೆಯಲ್ಲಿ ಸ್ವಂತವಾಗಿ ದುಡಿಯುವವನು ಕೆಲಸಕ್ಕೆ ಊರು ಬಿಟ್ಟು ಹೋದರೆ ಪ್ರಯಾಣದ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯಬಹುದು. ಆದರೆ ಖಾಯಂ ಮನೆಯೂ ಇಲ್ಲ, ಖಾಯಂ ಕೆಲಸದ ಜಾಗವೂ ಇಲ್ಲ ಅನ್ನುವವನು ಕಳೆಯುವಂತಿಲ್ಲ. ಎಲ್ಲಿ ದುಡಿಯುತ್ತಾನೋ ಅದೇ ಅವನ ಮನೆ, ಹಾಗಾಗಿ ಅವನು ಮನೆ ಬಿಟ್ಟು ಹೋದ ಹಾಗೇ ಆಗುವುದಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆವು.

ಊರಲ್ಲಿ ಎಲ್ಲರೂ ನಾವು ಆಸೆಪಟ್ಟು ಹೊರಟೆವು ಅಂದುಕೊಂಡಿದ್ದಾರೆ. ಆಸೆ ಇತ್ತು, ಅದು ಸುಳ್ಳಲ್ಲ. ಆದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಎರಡು ರೂಮಿನ ಮನೆಗೆ 3,200 ಡಾಲರ್ ಬಾಡಿಗೆ, ಕೈಯಲ್ಲಿ ಕೆಲಸ ಇಲ್ಲ, ವಯಸ್ಸು ಐವತ್ತರ ಹತ್ತಿರ. ಕೆಲಸ ಉಳಿದಿದ್ದರೆ ಹೊರಡುತ್ತಿದ್ದೆವಾ? ಗೊತ್ತಿಲ್ಲ. ಇಷ್ಟನ್ನು ನನ್ನ ತಮ್ಮನಿಗೂ ಹೇಳಿರಲಿಲ್ಲ. ರಾತ್ರಿ ಗಾಳಿಗೆ ಗಾಡಿ ಅಲುಗಾಡುವಾಗ ಆ ಅಮ್ಮನಿಗೂ ನಮಗೂ ಏನು ವ್ಯತ್ಯಾಸ ಅಂತ ಲೆಕ್ಕ ಹಾಕುತ್ತೇನೆ. ಅದೇ ಕೆಲಸ, ಅದೇ ಚಳಿ, ಅದೇ ನೀರಿನ ಟ್ಯಾಂಕ್. ವಯಸ್ಸು ಬಿಟ್ಟರೆ ಒಂದೇ ವ್ಯತ್ಯಾಸ ಸಿಗುತ್ತದೆ. ನಿನ್ನ ಮನೆ ಹಿಂದಿನ ನಮ್ಮ 30×40 ಸೈಟು. ನೀನು ಪ್ರತಿ ವರ್ಷ ಗಿಡಗಂಟಿ ಕೀಳಿಸಿ, ಬೇಲಿ ಕಟ್ಟಿಸಿ, ಯಾರೂ ಒತ್ತಿಕೊಳ್ಳದ ಹಾಗೆ ಕಾಯ್ದುಕೊಂಡಿರುವ ಜಾಗ. ನಾನು ಸುತ್ತುತ್ತಿದ್ದೇನೆ ಅಂತ ಧೈರ್ಯವಾಗಿ ಹೇಳಿಕೊಳ್ಳುವುದು ಅದರ ಬಲದ ಮೇಲೆ. ಅದು ಇಲ್ಲದಿದ್ದರೆ ಇದಕ್ಕೆ ಬೇರೆ ಹೆಸರು ಕೊಡುತ್ತಿದ್ದರು.

ಆ ಸೈಟಿಗೆ ಗಿರಾಕಿ ಒಳ್ಳೆ ರೇಟ್ ಹೇಳಿದ್ದಾರೆ ಅಂದೆಯಲ್ಲ. ಬೇಡ ಅಂತ ಹೇಳಿಬಿಡು. ಮನೆ ಕಟ್ಟುತ್ತೇವೋ ಇಲ್ಲವೋ ಈಗಲೇ ಹೇಳಲಾರೆ. ಈ ಬದುಕನ್ನು ನಾವು ಪ್ರೀತಿಸುತ್ತೇವೆ, ಬಿಡುವ ಮನಸ್ಸೂ ಇಲ್ಲ. ಆದರೂ ಅದು ಇರಲಿ ಮಾದೇಶ. ದಯವಿಟ್ಟು ಇರಲಿ.

ಸಾಕು, ಎಲ್ಲರೆದುರು ಇಷ್ಟು ಬರೆಯಬೇಕು ಅಂದುಕೊಂಡಿರಲಿಲ್ಲ. ಗೀತಾ ಹುರುಳಿಕಾಳು ಬಸ್ಸಾರು ಮಾಡಿದ್ದಾಳೆ, ರಾಗಿ ಹಿಟ್ಟು ಫೀನಿಕ್ಸ್ ಅಂಗಡಿಯಿಂದ ಹೊತ್ತು ತಂದದ್ದು. ಪಕ್ಕದ ಗಾಡಿಯ ಕೆನಡಾದ ತಾತ ಎರಡು ಮುದ್ದೆ ನುಂಗಿ ಮೂರನೆಯದಕ್ಕೆ ತಟ್ಟೆ ಚಾಚಿದ್ದಾನೆ. ನಿನ್ನ ಮಗಳ ರಿಸಲ್ಟ್ ಬಂದ ಕೂಡಲೇ ಫೋನ್ ಮಾಡು. ಅರಿಜೋನಾ ನಿನಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಮಧ್ಯಾಹ್ನ ಊಟ ಮಾಡಿ ಮಾಡಿದರೆ ನನಗೆ ನಡುರಾತ್ರಿ. ಪರವಾಗಿಲ್ಲ, ಎದ್ದು ಎತ್ತುತ್ತೇನೆ.

ನಿನ್ನ
ಕೊನೆ ಬೆಂಚಿನವನು