ಲೆಕ್ಕಕ್ಕೂ ಭಾಷೆ ಬೇಕು

ಮಾನ್ಯ ಸಂಪಾದಕರೇ,

ಮುಂಬೈಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಎಳೆಯ ಮಕ್ಕಳಿಗೆ ಓದು ಬೇರೆ, ಲೆಕ್ಕ ಬೇರೆ ಎಂಬಂತೆ ಕಲಿಸುವುದು ಸರಿಯಲ್ಲ. ಶಿಕ್ಷಕ ತರಬೇತಿಗೆ ಸೇರಿದಾಗ ನಾನೂ ಹಾಗೆಯೇ ತಿಳಿದಿದ್ದೆ: ಕಾಗುಣಿತ ಬಂದರೆ ಓದು, ಮಗ್ಗಿ ಬಾಯಿಗೆ ಬಂದರೆ ಲೆಕ್ಕ.

ಪಾಠಾಭ್ಯಾಸಕ್ಕೆ ಹೋದ ಎರಡನೆಯ ತರಗತಿಯಲ್ಲಿ ಹುಡುಗಿಯೊಬ್ಬಳು 'ನಲವತ್ತಮೂರು' ಎಂದರೆ 34 ಎಂದು ಬರೆದಳು. ಕೆಂಪು ಗೀಟು ಎಳೆದುಬಿಟ್ಟೆ. ಆಮೇಲೆ ವಿಚಾರಿಸಿದರೆ, ಸಂಜೆ ತಾಯಿಯ ತರಕಾರಿ ಗಾಡಿಯ ಬಳಿ ನಿಲ್ಲುವವಳು, ಎಣಿಕೆಯೆಲ್ಲ ಮರಾಠಿಯಲ್ಲೇ. 'ತ್ರೇಚಾಳೀಸ್'ನಲ್ಲಿ ಮೂರು ಮೊದಲು, ನಲವತ್ತು ಆಮೇಲೆ! ಚಿಲ್ಲರೆ ಕೊಡುವಾಗ ಮಾತ್ರ ಒಂದು ರೂಪಾಯಿಯೂ ಆಚೀಚೆ ಆಗುವುದಿಲ್ಲವಂತೆ. ಮರಾಠಿ ಮಕ್ಕಳಿಗೂ ಇದು ತೊಡಕೆಂದೇ 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯು ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ 'ತೇವೀಸ್' (23) ಜೊತೆಗೆ 'ವೀಸ್ ತೀನ್' (ಇಪ್ಪತ್ತು ಮೂರು) ಎಂಬ ರೂಢಿ ತಂದಿತ್ತು, ಗದ್ದಲವೂ ಆಯಿತೆನ್ನಿ.

ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಎಲ್ಲ ಮಕ್ಕಳಿಗೂ ಓದು, ಬರಹ, ಲೆಕ್ಕ ಬರಬೇಕೆಂಬ 'ನಿಪುಣ್ ಭಾರತ್' ಯೋಜನೆಯ ಗಡುವು 2026–27. ಕನ್ನಡ ಶಾಲೆಗಳ ಶಿಕ್ಷಕರಿಗೆ ಕೊಡುವ ತರಬೇತಿಯಲ್ಲಿ ಕನ್ನಡ, ಮರಾಠಿ ಎಣಿಕೆಗಳನ್ನು ಅಕ್ಕಪಕ್ಕ ಇಟ್ಟು ಕಲಿಸುವ ಕ್ರಮವನ್ನು ಪಾಲಿಕೆಯ ಶಿಕ್ಷಣ ಇಲಾಖೆ ಈ ವರ್ಷವೇ ಸೇರಿಸಲಿ.

– ಶಿಕ್ಷಕ ತರಬೇತಿ ವಿದ್ಯಾರ್ಥಿನಿ, ಮುಂಬೈ