ಬೆಳಗಿನ ಚೀಟಿ ಸಾಲದು, ನಡುದಾರಿಯಲ್ಲಿ ಕುದುರೆಯ ನಾಡಿ ನೋಡಿ

ಸಂಪಾದಕರೇ, ನಮಸ್ಕಾರ.

ಹೋದ ಬೇಸಿಗೆಯಲ್ಲಿ ನಮ್ಮ ಗಂಗಾವತಿ ಕಡೆ ಒಂದು ಜಾತ್ರೆಗೆ ಕುದುರೆ ಓಟ ಇಟ್ಟಿದ್ದರು. ಮೈದಾನದ ಓಟ ಅಲ್ಲ, ಕಾಲುವೆ ದಂಡೆ ಹಿಡಿದು ಹೋಗಿ ಬರೋದು, ಸುಮಾರು 30 ಕಿಲೋಮೀಟರ್. ಬೆಳಿಗ್ಗೆ 7ಕ್ಕೆ ಶುರು ಅಂದಿದ್ದರು. ಹಾರ, ಶಾಲು, ಭಾಷಣ ಮುಗಿಯುವಷ್ಟರಲ್ಲಿ 11 ಆಯಿತು.

ನಮ್ಮ ಪಕ್ಕದ ಮನೆಯವರ ಕುದುರೆಯೂ ಅದರಲ್ಲಿತ್ತು. ಊರು ಇನ್ನು ಎರಡು ಕಿಲೋಮೀಟರ್ ಇದೆ ಅನ್ನುವಾಗ ಹಿಂಗಾಲು ಸೆಟೆದು ನಿಂತೇಬಿಟ್ಟಿತು. ತೊಡೆ ಮುಟ್ಟಿದರೆ ಹಲಗೆ ಮುಟ್ಟಿದ ಹಾಗಿತ್ತು. ಸ್ವಲ್ಪ ಹೊತ್ತಿಗೆ ಉಚ್ಚೆ ಹೊಯ್ದಿತು, ಥೇಟ್ ಕಾಫಿ ಡಿಕಾಕ್ಷನ್ ಬಣ್ಣ. ಸುತ್ತ ನಿಂತವರೆಲ್ಲ 'ಎಳೆದು ನಡೆಸಿ, ಸರಿಹೋಗುತ್ತೆ' ಅಂತ ಬುದ್ಧಿ ಹೇಳುವವರೇ. ಪುಣ್ಯಕ್ಕೆ ಯಾರೋ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿದರು. ಬಂದ ಡಾಕ್ಟರ್ 'ಒಂದು ಹೆಜ್ಜೆ ಕೂಡ ನಡೆಸಬೇಡಿ, ಸ್ನಾಯು ಒಡೆದು ಅದರ ಬಣ್ಣ ಉಚ್ಚೆಯಲ್ಲಿ ಬರ್ತಿದೆ, ಕಿಡ್ನಿಗೆ ಕುತ್ತು' ಅಂದರು. ಬೇವಿನ ಕೊಂಬೆಗೆ ಸಲೈನ್ ಬಾಟಲಿ ಕಟ್ಟಿ ಸಂಜೆವರೆಗೆ ಕೂತೆವು. ಬದುಕಿತು.

ಅಷ್ಟು ಹೊತ್ತೂ ಯಜಮಾನರ ಜೇಬಿನಲ್ಲಿ ಬೆಳಿಗ್ಗೆ ಕೊಟ್ಟ ಫಿಟ್‌ನೆಸ್ ಚೀಟಿ ಇತ್ತು. ಅದೇನು ಸುಳ್ಳು ಚೀಟಿ ಅಲ್ಲ. ಬೆಳಿಗ್ಗೆ ಕುದುರೆ ಚೆನ್ನಾಗೇ ಇತ್ತು! ಕೆಡುವುದು ದಾರಿಯಲ್ಲಿ, ನೋಡುವುದು ಹೊರಡುವ ಮುಂಚೆ ಮಾತ್ರ ಅಂದರೆ ಏನು ಪ್ರಯೋಜನ?

ಹೊರದೇಶಗಳಲ್ಲಿ ಎಂಡ್ಯೂರನ್ಸ್ ರೈಡ್ ಅಂತ ದೂರದ ಕುದುರೆ ಓಟ ಮಾಡುತ್ತಾರಲ್ಲ, ಒಂದೇ ದಿನದಲ್ಲಿ 160 ಕಿಲೋಮೀಟರ್‌ವರೆಗೂ ಓಡಿಸುವಂಥದ್ದು, ಅಲ್ಲಿ ದಾರಿಯನ್ನು ತುಂಡು ತುಂಡು ಮಾಡಿ ಒಂದೊಂದು ತುಂಡು ಮುಗಿದಾಗಲೂ ಪಶುವೈದ್ಯರ ಮುಂದೆ ಕುದುರೆ ನಿಲ್ಲಿಸಬೇಕು. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ ನಿಯಮದಲ್ಲಿ ಒಂದು ತುಂಡು 40 ಕಿಲೋಮೀಟರ್ ದಾಟುವ ಹಾಗಿಲ್ಲ. ನಡುವಿನ ನಿಲ್ದಾಣಕ್ಕೆ ಬಂದ 15 ನಿಮಿಷದೊಳಗೆ ಎದೆಬಡಿತ ನಿಮಿಷಕ್ಕೆ 64ಕ್ಕೆ ಇಳಿಯಬೇಕು. ಇಳಿಯಲಿಲ್ಲವೋ, ಕುದುರೆ ಅಲ್ಲಿಗೇ ಔಟ್. ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ನಡುವಿನ ನಿಲ್ದಾಣಗಳಲ್ಲಿ ಬಡಿತ ಇಳಿಸಿ ತಪಾಸಣೆಗೆ ತರುವವರೆಗೂ ಗಡಿಯಾರ ಓಡುತ್ತಲೇ ಇರುತ್ತದೆ. ಹಾಗಾಗಿ ಅಬ್ಬರಿಸಿ ಓಡಿಸಿ ತಂದವನೇ ಕಾಯುತ್ತಾ ನಿಲ್ಲಬೇಕು. ಬುದ್ಧಿ ಇರುವ ಸವಾರ ಕೊನೆಯ ಒಂದೆರಡು ಕಿಲೋಮೀಟರ್ ತಾನಾಗಿಯೇ ನಿಧಾನ ಮಾಡುತ್ತಾನೆ. ಅಮೆರಿಕದಲ್ಲಿ 1955ರಲ್ಲಿ ಶುರುವಾದ ಟೆವಿಸ್ ಕಪ್ ಅನ್ನುವ ಇಂಥದ್ದೇ ಓಟದಲ್ಲಂತೂ ಮೊದಲು ಬಂದ ಹತ್ತು ಕುದುರೆಗಳಲ್ಲಿ ಯಾವುದು ಚೆನ್ನಾಗಿದೆಯೋ ಅದಕ್ಕೆ ಬೇರೆಯೇ ಒಂದು ಕಪ್ ಕೊಡುತ್ತಾರೆ.

ನಮಗೆ ಅಷ್ಟೆಲ್ಲ ಖರ್ಚು ಎಲ್ಲಿ ಆಗುತ್ತೆ ಅಂತೀರಾ? ಖರ್ಚು ಏನೂ ಇಲ್ಲ. ದವಡೆಯ ಕೆಳಗಿನ ಅಂಚಿನಲ್ಲಿ ಬೆರಳಿಟ್ಟರೆ ದಾರದಂಥ ರಕ್ತನಾಳ ಸಿಗುತ್ತದೆ, 15 ಸೆಕೆಂಡ್ ಎಣಿಸಿ. 16 ಬಡಿತ ಬಂದರೆ ಅದೇ 64. ವಸಡು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ತಿರುಗಬೇಕು. ಹೊಟ್ಟೆಯ ಪಕ್ಕಕ್ಕೆ ಕಿವಿಯಿಟ್ಟರೆ ಗುಳುಗುಳು ಸದ್ದು ಕೇಳಬೇಕು, ಸದ್ದೇ ಇಲ್ಲ ಅಂದರೆ ಭಯಪಡಬೇಕು. ನಮ್ಮಪ್ಪ ಟಾಂಗಾ ಹೊಡೆಯುತ್ತಿದ್ದವರು, ಅಕ್ಷರ ಬರ್ತಿರಲಿಲ್ಲ, ಆದರೂ ರಾತ್ರಿ ಹುಲ್ಲು ಹಾಕುವ ಮುಂಚೆ ದಿನಾ ಹೀಗೆ ಕಿವಿ ಇಡುತ್ತಿದ್ದರು. ಕುಂಟು ನೋಡಬೇಕಾದರೆ ಜೀನು ಇಳಿಸಿ ಗಟ್ಟಿ ನೆಲದ ಮೇಲೆ ನಾಲ್ಕು ಮಾರು ಓಡಿಸಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲಕ್ಕೆ ಎತ್ತುತ್ತದೆ, ಮಕ್ಕಳಿಗೂ ಗೊತ್ತಾಗುತ್ತದೆ.

ಆದರೆ ನೋಡುವವರಿಗೆ 'ನಿಲ್ಲಿಸು' ಅನ್ನುವ ಅಧಿಕಾರ ಬೇಕು. ಬಹುಮಾನದ ಬೈಕ್ ವೇದಿಕೆ ಮೇಲೆ ನಿಂತಿರುವಾಗ ಸವಾರ ತಾನಾಗಿ ನಿಲ್ಲಿಸುತ್ತಾನಾ? ಅದಕ್ಕೇ ಡಾಕ್ಟರ್ ಮಾತೇ ಕೊನೆ ಅಂತ ಅನುಮತಿ ಪತ್ರದಲ್ಲೇ ಬರೆಯಿಸಬೇಕು.

ಇನ್ನು ಬಿಸಿಲು. 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಎಳೆಸಬಾರದು, ಹೊರೆ ಹೊರಿಸಬಾರದು ಅಂತ 1965ರಲ್ಲೇ ಕೇಂದ್ರದ ನಿಯಮ ಬಂದಿದೆ. ಕಲ್ಲು ಹೇರುವ ಕತ್ತೆಗೆ ಇರುವ ಕರುಣೆ ಜಾತ್ರೆಯ ಕುದುರೆಗೂ ಬೇಡವಾ? ಬೆವರಿದ ಕುದುರೆಗೆ ತಣ್ಣೀರು ಹಾಕಬಾರದು ಅನ್ನುವ ಹಳೇ ನಂಬಿಕೆಯನ್ನೂ ಬಿಡಬೇಕು. ಮೈಮೇಲೆ ಜಾಸ್ತಿ ನೀರು ಸುರಿದಷ್ಟೂ ಕಾವು ಬೇಗ ಇಳಿಯುತ್ತದೆ. ಅವತ್ತು ಪಕ್ಕದಲ್ಲೇ ಕಾಲುವೆ ತುಂಬಾ ನೀರಿತ್ತು, ಒಬ್ಬರೂ ಒಂದು ಬಕೆಟ್ ಎತ್ತಲಿಲ್ಲ.

ಸಂಘಟಕರು ಮೈಕಿನಲ್ಲಿ 'ಇದು ಕೃಷ್ಣದೇವರಾಯರ ಕಾಲದ ಪರಂಪರೆ' ಅಂದರು. ಇರಬಹುದು. ಆದರೆ ಅರಬ್ ನಾಡಿನಿಂದ ಹಡಗಿನಲ್ಲಿ ಕುದುರೆ ತರಿಸಿಕೊಂಡು ಹಣ ಸುರಿದ ಅರಸರು ಅದನ್ನು ಶಾಲು ಹೊದಿಸುವವರೆಗೆ ನಾಲ್ಕು ತಾಸು ಬಿಸಿಲಲ್ಲಿ ನಿಲ್ಲಿಸುತ್ತಿರಲಿಲ್ಲ ಬಿಡಿ.

ಈ ವರ್ಷವೂ ಓಟ ಇದೆಯಂತೆ. ಅನುಮತಿ ಕೊಡುವ ಅಧಿಕಾರಿಗಳು ದಯವಿಟ್ಟು ನಡುದಾರಿಯಲ್ಲಿ ಒಂದು ಶಾಮಿಯಾನ, ಒಬ್ಬ ಪಶುವೈದ್ಯರು, ನಾಲ್ಕು ಡ್ರಮ್ ನೀರು ಇಲ್ಲದೆ ಸಹಿ ಹಾಕಬೇಡಿ. ಪಕ್ಕದ ಮನೆಯವರನ್ನು ಕೇಳಿದೆ, ಈ ಸಲ ಓಟಕ್ಕೆ ಹೆಸರು ಕೊಡ್ತೀರಾ ಅಂತ. 'ಮಧ್ಯದಲ್ಲಿ ಯಾರು ನೋಡ್ತಾರೆ ಅಂತ ಮೊದಲು ವಿಚಾರಿಸಿ ಬಾರಪ್ಪ' ಅಂದರು.

ನಿಮ್ಮ ಓದುಗ,
ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ